ಏಳು ಸುತ್ತಿನ ದಾರಿ: ಕಾಲೇಜಿನ ಅಂಗಳದಲ್ಲಿ ಲ್ಯಾಬಿರಿಂತ್ ನಡಿಗೆ ಮಾಡಿಸುವುದು ಹೇಗೆ?

ಮಂಡ್ಯದ ನಮ್ಮ ಕಾಲೇಜಿನಲ್ಲಿ ಮೊದಲ ಪೀರಿಯಡ್ಡಿಗೆ ಬಂದು ಕೂರುವ ಮಕ್ಕಳ ಮುಖ ನೋಡಬೇಕು. ನಾಗಮಂಗಲ, ಮಳವಳ್ಳಿ, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುತ್ತಾರೆ. ಕೆಲವರು ಬೆಳಿಗ್ಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ ಬಂದಿರುತ್ತಾರೆ. ಕೂತ ಕೂಡಲೇ ನಾವು ಪಾಠ ಶುರು ಮಾಡುತ್ತೇವೆ. ಒಂದು ಗಂಟೆಗೆ ಇನ್ನೊಬ್ಬರು, ಇನ್ನೊಂದು ವಿಷಯ. ಸಂಜೆವರೆಗೂ ಹೀಗೇ. ಕೇಳಿದ ಒಂದು ಮಾತನ್ನು ತಲೆಯೊಳಗೆ ತಿರುವಿ ನೋಡಲು ಇಡೀ ದಿನದಲ್ಲಿ ಹತ್ತು ನಿಮಿಷ ಸಿಗುವುದಿಲ್ಲ.

ಆ ಹತ್ತು ನಿಮಿಷವನ್ನು ಟೈಮ್‌ಟೇಬಲ್ಲಿನ ಒಳಗೇ ತರಬೇಕು ಅಂತ ನಾನು ಹುಡುಕುತ್ತಿದ್ದಾಗ ಸಿಕ್ಕಿದ್ದು ಲ್ಯಾಬಿರಿಂತ್ ನಡಿಗೆ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವವರು, ಬಿ.ಎಡ್. ಕಾಲೇಜಿನವರು ಇದನ್ನು ಹೇಗೆ ಮಾಡಬಹುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಖರ್ಚು ಜಾಸ್ತಿ ಇಲ್ಲ. ಬೇಕಾದದ್ದು ಒಂದು ಅಂಗಳ, ರಂಗೋಲಿ ಪುಡಿ, ಮತ್ತು ಮಾತಾಡದೆ ಇರಲು ಒಪ್ಪುವ ಮೇಷ್ಟ್ರು.

ಮೊದಲು, ಇದೇನು?

ಲ್ಯಾಬಿರಿಂತ್ ಅಂದರೆ ಒಂದೇ ದಾರಿ. ಹೊರಗಿನ ಬಾಯಲ್ಲಿ ಶುರುವಾಗುತ್ತದೆ, ಸುತ್ತಿ ಸುತ್ತಿ ನಡುವಿಗೆ ಹೋಗಿ ಮುಟ್ಟುತ್ತದೆ. ಕವಲು ಇಲ್ಲ. ಮುಚ್ಚಿದ ಓಣಿ ಇಲ್ಲ. ಪಾರ್ಕುಗಳಲ್ಲಿ ಬೇಲಿಗಿಡ ಬೆಳೆಸಿ ಮಾಡುವ, ಒಳಗೆ ಹೋದರೆ ದಾರಿ ತಪ್ಪಿಸುವ ಆಟ ಇದೆಯಲ್ಲ, ಅದು ಮೇಜ್. ಅಲ್ಲಿ ಪ್ರತಿ ತಿರುವಿನಲ್ಲೂ ಎಡಕ್ಕೋ ಬಲಕ್ಕೋ ಅಂತ ಲೆಕ್ಕ ಹಾಕಬೇಕು. ಇಲ್ಲಿ ಕಾಲು ದಾರಿ ನೋಡಿಕೊಳ್ಳುತ್ತದೆ, ತಲೆ ಬಿಡುವಾಗಿರುತ್ತದೆ. ಪಾಠಕ್ಕೆ ಇದು ಒದಗುವುದು ಈ ಒಂದು ಕಾರಣಕ್ಕೆ.

ಏಳು ಸುತ್ತಿನ ವಿನ್ಯಾಸ ಬಹಳ ಹಳೆಯದು. ಗ್ರೀಸಿನ ಪೈಲೋಸ್‌ನಲ್ಲಿ ಸಿಕ್ಕ ಸುಮಾರು 3200 ವರ್ಷದ ಹಿಂದಿನ ಮಣ್ಣಿನ ಹಲಗೆಯ ಮೇಲೆ ಇದನ್ನು ಗೀಚಿದ್ದಾರೆ. ಕ್ರೀಟ್ ದ್ವೀಪದ ಕ್ನೊಸೋಸ್‌ನ ನಾಣ್ಯಗಳ ಮೇಲೂ ಇದೆ. ಫ್ರಾನ್ಸಿನ ಶಾರ್ತ್ರ್ ಚರ್ಚಿನ ನೆಲದಲ್ಲಿ 13ನೇ ಶತಮಾನದಲ್ಲಿ ಹಾಸಿದ್ದು 11 ಸುತ್ತಿನದು, ಸುಮಾರು 13 ಮೀಟರ್ ಅಗಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೆಡ್ರಲ್‌ನಲ್ಲಿ ಲಾರೆನ್ ಆರ್ಟ್ರೆಸ್ 1991ರಲ್ಲಿ ಅದರ ನಕಲನ್ನು ಬಟ್ಟೆಯ ಮೇಲೆ ಮಾಡಿ ಜನರನ್ನು ನಡೆಸಿದರು. ಆಮೇಲೆ ಈ ನಡಿಗೆ ಮತ್ತೆ ಹಬ್ಬಿತು. ಬ್ರಿಟನ್ನಿನ ಕೆಂಟ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳ ಆವರಣದಲ್ಲಿ ಈಗ ಖಾಯಂ ಲ್ಯಾಬಿರಿಂತ್‌ಗಳಿವೆ.

ಇದೆಲ್ಲ ದೂರದ ಮಾತು ಅನಿಸಿದರೆ ಹಳೇಬೀಡಿಗೆ ಹೋಗಿ ಬನ್ನಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಅಭಿಮನ್ಯು ನುಗ್ಗುವ ಚಕ್ರವ್ಯೂಹವನ್ನು ಶಿಲ್ಪಿಗಳು ಸುತ್ತುಸುತ್ತಾದ ದಾರಿಯಾಗಿಯೇ ಕೆತ್ತಿದ್ದಾರೆ. ನಡೆಯುತ್ತಾ ಯೋಚಿಸುವುದಂತೂ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸೋಮನಾಥಪುರದಲ್ಲಿ ನಕ್ಷತ್ರದ ಆಕಾರದ ಜಗತಿಯ ಮೇಲೆ ಗುಡಿ ಸುತ್ತುತ್ತೇವೆ. ಬೈಲುಕುಪ್ಪೆಯಲ್ಲಿ ವಯಸ್ಸಾದ ಟಿಬೆಟನ್ನರು ಜಪಮಾಲೆ ಹಿಡಿದು ಸುತ್ತುತ್ತಿರುತ್ತಾರೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಕುವೆಂಪು ನಡೆಯುತ್ತಿದ್ದದ್ದು ಮೈಸೂರಿನವರಿಗೆಲ್ಲ ಗೊತ್ತು. ಮಾನಸಗಂಗೋತ್ರಿಯ ಪಕ್ಕದಲ್ಲೇ ಅಂಥ ಕೆರೆ ಇದ್ದೂ ನಮ್ಮ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ನಡೆಯುತ್ತಾರೆ ಅನ್ನುವುದು ನನ್ನ ಸಂಕಟ.

ಹೆಸರಿನ ವಿಷಯ

ಸಣ್ಣದು ಅನಿಸಬಹುದು, ಆದರೆ ಇಲ್ಲೇ ಎಡವುತ್ತೇವೆ. ನಾನು ಮೊದಲ ಸಲ "ಚಕ್ರವ್ಯೂಹ ನಡೆಯೋಣ ಬನ್ನಿ" ಅಂದೆ. ಅಂಗಳಕ್ಕೆ ಬಂದ ಹುಡುಗರು ಗೆರೆ ದಾಟಿ ಒಳಗೆ ಕಾಲಿಡಲು ಹಿಂದೆಮುಂದೆ ನೋಡಿದರು. ಒಬ್ಬ ಕೇಳಿಯೇಬಿಟ್ಟ: "ಹೊರಗೆ ಬರೋದು ಹೇಗೆ ಅಂತ ಮೊದಲೇ ಹೇಳ್ತೀರಾ ಮೇಡಂ?" ತಪ್ಪು ನನ್ನದೇ. ಚಕ್ರವ್ಯೂಹ ಅಂದರೆ ನಮಗೆ ಅಭಿಮನ್ಯು. ಹೊಕ್ಕವನು ಹೊರಬರಲಿಲ್ಲ. ಈ ದಾರಿಯಲ್ಲಿ ಹೋದ ದಾರಿಯೇ ಬರುವ ದಾರಿ. ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಅವತ್ತಿನಿಂದ ನಾನು "ಏಳು ಸುತ್ತಿನ ಕೋಟೆ" ಅನ್ನುತ್ತೇನೆ. ಚಿತ್ರದುರ್ಗದ ದೆಸೆಯಿಂದ ಆ ಮಾತು ಎಲ್ಲರ ಬಾಯಲ್ಲೂ ಇದೆ. ಲೆಕ್ಕವೂ ಸರಿಹೋಗುತ್ತದೆ.

ಇದು ಪೂಜೆ ಅಲ್ಲ, ಯಾವ ಮತಕ್ಕೂ ಸೇರಿದ್ದಲ್ಲ ಅನ್ನುವುದನ್ನು ಕೂಡ ಮೊದಲೇ ಹೇಳಿಬಿಡಿ. ಪ್ರದಕ್ಷಿಣೆ ಬಲಕ್ಕೇ ಹೋಗಬೇಕಲ್ವಾ ಅಂತ ಯಾರಾದರೂ ಕೇಳುತ್ತಾರೆ. ಈ ದಾರಿ ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತದೆ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಅಷ್ಟು ಹೇಳಿದರೆ ಸಾಕು. ಬೇಡ ಅನ್ನುವವರಿಗೆ ಬಲವಂತ ಬೇಡ. ಅವರು ಮರದ ಕೆಳಗೆ ಕೂತು ಅದೇ ಪ್ರಶ್ನೆಯ ಬಗ್ಗೆ ಬರೆಯಲಿ.

ಜಾಗ ಮತ್ತು ಹೊತ್ತು

35 ಅಡಿ ಉದ್ದ, 35 ಅಡಿ ಅಗಲದ ಸಮತಟ್ಟು ಜಾಗ ಬೇಕು. ವಾಲಿಬಾಲ್ ಅಂಕಣದ ಪಕ್ಕ, ಸಭಾಂಗಣದ ನೆಲ, ದೊಡ್ಡ ತಾರಸಿ, ಯಾವುದಾದರೂ ಸರಿ. ದೈಹಿಕ ಶಿಕ್ಷಣದ ಮೇಷ್ಟ್ರ ಜೊತೆ ಮೊದಲೇ ಮಾತಾಡಿಕೊಳ್ಳಿ. ಮೈದಾನದಲ್ಲಿ ಯಾವತ್ತು ಕಬಡ್ಡಿ, ಯಾವತ್ತು ಬಿಡುವು ಅಂತ ಅವರಿಗೇ ಗೊತ್ತು. ಟೇಪು ಹಿಡಿದು ಅಳೆಯುವುದೂ ಅವರಿಗೆ ಚೆನ್ನಾಗಿ ಬರುತ್ತದೆ.

ಹೊತ್ತು ಬೆಳಿಗ್ಗೆ 9ರ ಒಳಗೆ, ಇಲ್ಲ ಸಂಜೆ 5ರ ಮೇಲೆ. ಬರಿಗಾಲಲ್ಲಿ ನಡೆದರೆ ಚೆಂದ. ಆದರೆ ಮಾರ್ಚಿನ ಮಧ್ಯಾಹ್ನ ಸಿಮೆಂಟು ನೆಲದ ಮೇಲೆ ಬರಿಗಾಲು ಬೇಡವೇ ಬೇಡ. ಮಳೆಗಾಲದಲ್ಲಿ ಗೆರೆ ಉಳಿಯುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆ ಹೇಳಿಮಾಡಿಸಿದ ಕಾಲ.

ಗೆರೆಗೆ ರಂಗೋಲಿ ಪುಡಿ ಅಥವಾ ಸೀಮೆಸುಣ್ಣದ ಪುಡಿ ಬಳಸಿ. ಸುಟ್ಟ ಸುಣ್ಣ ಬೇಡ. ಒದ್ದೆ ಕಾಲಿಗೆ ತಗುಲಿದರೆ ಉರಿಯುತ್ತದೆ, ಕಣ್ಣಿಗೆ ಹೋದರೆ ಅಪಾಯ. ವರ್ಷವಿಡೀ ಬಳಸುವುದಾದರೆ ತೆಂಗಿನ ನಾರಿನ ಹಗ್ಗ ತೆಗೆದುಕೊಳ್ಳಿ. ಸುಮಾರು 110 ಮೀಟರ್ ಇದ್ದರೆ ಸಾಕು.

ಬರೆಯುವುದು: ಐದು ಚುಕ್ಕಿ, ಐದು ಸಾಲು

ಇಲ್ಲಿ ಸ್ವಲ್ಪ ನಿಧಾನಿಸೋಣ. ಈ ವಿನ್ಯಾಸ ರಂಗೋಲಿ ಹಾಕಿ ಬೆಳೆದ ಕೈಗೆ ಬಹಳ ಬೇಗ ಒಲಿಯುತ್ತದೆ. ಮೊದಲು ಹಾಳೆಯ ಮೇಲೆ ಹತ್ತು ಸಲ ಬರೆದು, ಆಮೇಲೆ ನೆಲಕ್ಕೆ ಇಳಿಯಿರಿ.

1. ಐದು ಚುಕ್ಕಿ ಐದು ಸಾಲು ಇಡಿ, ಒಟ್ಟು 25. ನೆಲದ ಮೇಲೆ ಚುಕ್ಕಿಯಿಂದ ಚುಕ್ಕಿಗೆ 2 ಅಡಿ. ಹಾಗಾಗಿ ಇಡೀ ಚೌಕ 8 ಅಡಿ ಆಗುತ್ತದೆ. ದಾರಿಯ ಅಗಲವೂ 2 ಅಡಿಯೇ ಇರುತ್ತದೆ. ಈ ಚೌಕವನ್ನು ಅಂಗಳದ ನಡುವೆ ಇಡಬೇಡಿ, ಕೆಳಗೆ ಇಡಿ: ಮೇಲಿನ ಸಾಲಿನಿಂದ ಮುಂದಕ್ಕೆ 15 ಅಡಿಗೂ ಜಾಸ್ತಿ, ಕೆಳಗಿನ ಸಾಲಿನಿಂದ ಹಿಂದಕ್ಕೆ ಒಂದೈದು ಅಡಿ, ಎಡಬಲಕ್ಕೆ ತಲಾ 12 ಅಡಿಯ ಮೇಲೆ ಜಾಗ ಬಿಡಿ.

2. ನಡುವಿನ ಅಡ್ಡಸಾಲು, ನಡುವಿನ ಉದ್ದಸಾಲು ಸೇರಿಸಿ ಒಂದು ದೊಡ್ಡ ಕೂಡು ಗುರುತು ಹಾಕಿ. ಒಂಬತ್ತು ಚುಕ್ಕಿ ಮುಗಿಯಿತು.

3. ನಾಲ್ಕು ಮೂಲೆಯಲ್ಲೂ ನಾಲ್ಕು ನಾಲ್ಕು ಚುಕ್ಕಿ ಉಳಿಯುತ್ತವೆ. ತುದಿಯ ಮೂಲೆಚುಕ್ಕಿಯನ್ನು ಹಾಗೇ ಬಿಡಿ. ಉಳಿದ ಮೂರನ್ನು ಸೇರಿಸಿದರೆ ಒಂದು ಕೋನ ಆಗುತ್ತದೆ, ಅದರ ಮಡಿಕೆ ಕೂಡು ಗುರುತಿನ ನಡುವಿನ ಕಡೆಗೆ ಇರುತ್ತದೆ. ಹೀಗೆ ನಾಲ್ಕು ಕೋನ, ನಾಲ್ಕು ಒಂಟಿ ಚುಕ್ಕಿ. 25 ಚುಕ್ಕಿಯೂ ಲೆಕ್ಕಕ್ಕೆ ಬಂದವು.

4. ಈಗ ಕಮಾನು. ಕೂಡು ಗುರುತಿನ ಮೇಲಿನ ತುದಿಯಿಂದ ಬಲಗಡೆ ಪಕ್ಕದ ಕೋನದ ಮೇಲಿನ ತುದಿಗೆ ಚಿಕ್ಕ ಕಮಾನು ಎಳೆಯಿರಿ. ಆ ಕಮಾನಿನ ಒಳಗಿನ ಜಾಗವೇ ನಡು.

5. ಆಮೇಲೆ ಎಡಗಡೆ ಮುಂದಿನ ತುದಿಯಿಂದ ಬಲಗಡೆ ಮುಂದಿನ ತುದಿಗೆ, ಮೊದಲ ಕಮಾನಿನ ಮೇಲಿಂದ 2 ಅಡಿ ಅಂತರ ಬಿಟ್ಟು, ಇನ್ನೊಂದು. ಹೀಗೇ ಎಡದ್ದೊಂದು ಬಲದ್ದೊಂದು ಸೇರಿಸುತ್ತಾ, ಚೌಕದ ಎರಡೂ ಬದಿ ಇಳಿಯುತ್ತಾ ಬನ್ನಿ. ಒಂಟಿ ಚುಕ್ಕಿಯನ್ನೂ ಒಂದು ತುದಿ ಅಂತಲೇ ಎಣಿಸಿ. ಒಂದನ್ನೂ ಹಾರಿಸಬೇಡಿ. ಒಟ್ಟು ಎಂಟು ಕಮಾನು. ಎಂಟನೆಯದು ಎಡಗಡೆ ಕೆಳಗಿನ ಕೋನದ ಕೆಳತುದಿಯಿಂದ ಹೊರಟು, ಇಡೀ ಕೋಟೆ ಬಳಸಿ, ಬಲಗಡೆಯಿಂದ ಬಂದು ಕೂಡು ಗುರುತಿನ ಬುಡಕ್ಕೆ ಸೇರುತ್ತದೆ.

6. ಆ ಬುಡಕ್ಕೂ ಅದರ ಎಡಗಡೆ ಕೋನಕ್ಕೂ ನಡುವೆ ತೆರೆದ ಜಾಗ ಇದೆಯಲ್ಲ, ಅದೇ ಬಾಯಿ.

ಎಂಟು ಗೆರೆ, ಏಳು ಸುತ್ತು. ಅಗಲ ಸರಿಯಾಗಿ 30 ಅಡಿ ಬರುತ್ತದೆ. ಒಬ್ಬರು ಪುಡಿ ಬಿಡಲಿ, ಇನ್ನೊಬ್ಬರು 2 ಅಡಿ ಕೋಲು ಹಿಡಿದು ಅಂತರ ನೋಡಲಿ. ಇಬ್ಬರಿದ್ದರೆ ಒಂದು ಗಂಟೆಯ ಕೆಲಸ. ನಮಗೆ ಐದಾರು ಕೆ.ಜಿ. ಪುಡಿ ಬೇಕಾಯಿತು.

ಬರೆದ ಮೇಲೆ ನೀವೇ ಒಂದು ಸಲ ಪೂರ್ತಿ ನಡೆದು ನೋಡಿ. ನಾನು ಮೊದಲ ಸಲ ಇದನ್ನು ಮಾಡಲಿಲ್ಲ. ಬಲಗಡೆ ಮೇಲಿನ ಕೋನದ ಒಂದೇ ತುದಿಗೆ ಎರಡು ಕಮಾನು ತಂದು ಸೇರಿಸಿಬಿಟ್ಟಿದ್ದೆ. ಮೊದಲು ಹೊರಟ ಹುಡುಗಿ ಆರು ಸುತ್ತು ನಡೆದು, ಕೊನೆಯ ಸುತ್ತನ್ನೂ ಮುಗಿಸಿ, ನಡುವಿಗೆ ಎರಡು ಹೆಜ್ಜೆ ಇರುವಾಗ ನಿಂತಳು. ಅವಳ ಹೆಬ್ಬೆರಳ ಮುಂದೆ ಬಿಳಿ ಗೆರೆ. ಮೌನವಾಗಿ ನಡೆಯಬೇಕು ಅಂತ ನಾನೇ ಹೇಳಿದ್ದೆ, ಹಾಗಾಗಿ ಪಾಪ ಬಾಯಿಬಿಡದೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನು ಹೋಗಿ ಕಾಲಿನಿಂದ ಆ ಗೆರೆ ಅಳಿಸಿ, ಕಮಾನನ್ನು ಪಕ್ಕದ ತುದಿಗೆ ಸೇರಿಸಿದೆ. ದಾರಿ ತೆರೆಯಿತು. ಆದರೆ ಅವಳ ನಡಿಗೆ ಅಲ್ಲಿಗೇ ಕೆಟ್ಟಿತ್ತು. ಆಮೇಲೆ ಅವಳ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: "ತಪ್ಪು ನನ್ನದು ಅಂದುಕೊಂಡೆ." ಅದನ್ನು ಓದಿ ನನಗೆ ಬಹಳ ನೋವಾಯಿತು. ದಾರಿ ಇಲ್ಲದ ಕಡೆಯೂ ನಮ್ಮ ಮಕ್ಕಳು ತಮ್ಮನ್ನೇ ತಪ್ಪಿತಸ್ಥರು ಅಂದುಕೊಳ್ಳುತ್ತಾರೆ. ಅದಕ್ಕೇ ಹೇಳುವುದು, ನೀವು ನಡೆದು ನೋಡದ ದಾರಿಗೆ ಅವರನ್ನು ಕಳಿಸಬೇಡಿ.

ಪ್ರಶ್ನೆ ಕೊಡುವುದು

ಸುಮ್ನೆ ನಡೆಸಿದರೆ ಅದು ವಿಶ್ರಾಂತಿ. ಅದೂ ಒಳ್ಳೆಯದೇ. ಪಾಠದ ಭಾಗ ಆಗಬೇಕು ಅಂದರೆ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಒಂದೇ ಒಂದು. ಅದಕ್ಕೆ ಪುಸ್ತಕದಲ್ಲಿ ಉತ್ತರ ಇರಬಾರದು.

ಬೋಧನಾಭ್ಯಾಸ ಮುಗಿಸಿ ಬಂದ ಬಿ.ಎಡ್. ವಿದ್ಯಾರ್ಥಿಗಳಿಗೆ: "ಈ ವಾರ ತರಗತಿಯಲ್ಲಿ ನಾನು ಒಂದು ಸಲವೂ ಮಾತಾಡಿಸದ ಮಗು ಯಾವುದು?" ಎಂ.ಎ. ಕಿರುಪ್ರಬಂಧ ಶುರು ಮಾಡುವವರಿಗೆ: "ನನ್ನ ವಿಷಯದಲ್ಲಿ ನನಗೆ ನಿಜವಾಗಿ ಗೊತ್ತಿಲ್ಲದ್ದು ಏನು?" ಮಂಡ್ಯದ ಕಡೆ ಕೃಷಿ ಓದುವವರಿಗಾದರೆ: "ನಾನು ಕಲಿತದ್ದರಲ್ಲಿ ಯಾವುದನ್ನು ನಮ್ಮಪ್ಪ ಒಪ್ಪುವುದಿಲ್ಲ, ಯಾಕೆ?" ಸಾಹಿತ್ಯದ ತರಗತಿಗೆ ದ್ರೋಣಪರ್ವ ಓದಿಸುವಾಗ ನಾನು ಕೊಡುವುದು: "ಹೊರಬರುವ ದಾರಿ ಗೊತ್ತಿಲ್ಲದೆಯೂ ನಾನು ಒಳಹೊಕ್ಕ ಒಂದು ಸಂಗತಿ." ಆಗ ಮಾತ್ರ ಚಕ್ರವ್ಯೂಹದ ಹೆಸರೆತ್ತುತ್ತೇನೆ.

"ಜೀವನದ ಗುರಿ ಏನು" ಅನ್ನುವಂಥ ದೊಡ್ಡ ಪ್ರಶ್ನೆ ಬೇಡ. ಭಾಷಣ ಸ್ಪರ್ಧೆಯ ಉತ್ತರಗಳು ಬರುತ್ತವೆ.

ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಿ. ಮೊಬೈಲುಗಳನ್ನು ಒಂದು ಬುಟ್ಟಿಗೆ ಹಾಕಿಸಿ.

ನಡಿಗೆ

ಒಂದು ತಂಡಕ್ಕೆ 20 ಜನ. ಅರ್ಧ ನಿಮಿಷಕ್ಕೆ ಒಬ್ಬರಂತೆ ಬಾಯಲ್ಲಿ ಬಿಡಿ. ಒಳಗೆ ಹೋಗುವ ದಾರಿ 90 ಮೀಟರಿಗೂ ಸ್ವಲ್ಪ ಜಾಸ್ತಿ ಆಗುತ್ತದೆ. ನಿಧಾನವಾಗಿ ನಡೆದರೆ ಐದು ನಿಮಿಷ. ನಡುವಿನಲ್ಲಿ ಒಂದೆರಡು ನಿಮಿಷ ನಿಲ್ಲಲಿ. ಮತ್ತೆ ಐದು ನಿಮಿಷ ವಾಪಸ್. ಒಬ್ಬರಿಗೆ 12 ನಿಮಿಷ, ಇಡೀ ತಂಡಕ್ಕೆ 20ರಿಂದ 25 ನಿಮಿಷ. 60 ಜನರ ತರಗತಿಯಾದರೆ ಮೂರು ದಿನಕ್ಕೆ ಹಂಚಿ. ಒಂದೇ ದಿನ ನೂಕಿದರೆ ಜಾತ್ರೆ ಆಗುತ್ತದೆ.

ಹೇಳಬೇಕಾದ ನಿಯಮ ಮೂರೇ. ಮಾತು ಬೇಡ. ನಿಮ್ಮ ವೇಗ ನಿಮ್ಮದು. ಎದುರಿಗೆ ಬಂದವರಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಕೊಡಿ, ಆಮೇಲೆ ಅದೇ ಸುತ್ತಿಗೆ ವಾಪಸ್ ಬನ್ನಿ.

ದಾರಿಯ ಗುಣವನ್ನು ನೀವು ತಿಳಿದಿರಬೇಕು, ಮಕ್ಕಳಿಗೆ ಮೊದಲೇ ಹೇಳಬಾರದು. ಹೊರಗಿನಿಂದ ಎಣಿಸಿದರೆ ಬಾಯಿಂದ ನೇರ ಮೂರನೇ ಸುತ್ತಿಗೆ ಹೋಗುತ್ತೇವೆ. ಅಲ್ಲಿಂದ ಎರಡು, ಆಮೇಲೆ ಒಂದು. ಒಳಗೆ ಹೊರಟವರು ಅಂಚಿಗೇ ಬಂದುಬಿಡುತ್ತೇವೆ. ಆಮೇಲೆ ನಾಲ್ಕು, ಅಲ್ಲಿಂದ ಒಮ್ಮೆಲೇ ಏಳು. ನಡು ಕೈಗೆಟುಕುವಷ್ಟು ಹತ್ತಿರ. ಬಂದೇಬಿಟ್ಟಿತು ಅನ್ನುವಾಗ ದಾರಿ ಆರಕ್ಕೆ, ಐದಕ್ಕೆ ಹೊರಳಿ ದೂರ ಹೋಗುತ್ತದೆ. ಆ ಐದನೇ ಸುತ್ತಿನಿಂದಲೇ ನಡುವಿಗೆ ಪ್ರವೇಶ. ಏಳನೆಯದರಿಂದ ಆರಕ್ಕೆ ತಿರುಗುವ ಜಾಗದಲ್ಲಿ ಮಕ್ಕಳ ಹೆಜ್ಜೆ ನೋಡಿ. ಬಹಳಷ್ಟು ಜನ ಅಲ್ಲಿ ತಲೆಯೆತ್ತಿ ನೋಡುತ್ತಾರೆ. ಕೆಲವರು ನಿಲ್ಲುತ್ತಾರೆ. ಕಿರುಪ್ರಬಂಧ ಬರೆಯುವ ಒಬ್ಬ ಹುಡುಗ ಆಮೇಲೆ ಹೇಳಿದ್ದು: "ನನ್ನ ಎರಡನೇ ಅಧ್ಯಾಯ ಆ ತಿರುವಿನಲ್ಲೇ ಇದೆ ಮೇಡಂ."

ನೀವು ಏನು ಮಾಡಬೇಕು? ಬಾಯಿಯ ಹತ್ತಿರ ನಿಂತು ಒಬ್ಬೊಬ್ಬರನ್ನೇ ಬಿಡಬೇಕು, ಅಷ್ಟೆ. "ನಿಧಾನ, ನಿಧಾನ" ಅನ್ನಬೇಡಿ. ಫೋಟೊ ತೆಗೆಯಬೇಡಿ. ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡುವ ಸಂಸ್ಥೆ) ಕಡತಕ್ಕೆ ಫೋಟೊ ಬೇಕೇ ಬೇಕು ಅಂದರೆ ಖಾಲಿ ಕೋಟೆಯದ್ದು ತೆಗೆದುಕೊಳ್ಳಿ. ಮೊದಮೊದಲು ನಗು ಬರುತ್ತದೆ, ಒಬ್ಬರನ್ನೊಬ್ಬರು ಇಣುಕುತ್ತಾರೆ. ಗದರಬೇಡಿ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ತಾನಾಗಿ ಅಡಗುತ್ತದೆ.

ಪಕ್ಕದಲ್ಲಿ ನೀರು, ಒಂದು ಕುರ್ಚಿ ಇರಲಿ. ತಿಂಡಿ ತಿನ್ನದೆ ಬಂದ ಮಕ್ಕಳಿಗೆ ಸುತ್ತಿ ಸುತ್ತಿ ತಲೆ ತಿರುಗಬಹುದು. ಯಾರಾದರೂ ಅತ್ತರೆ ಸುತ್ತ ಸೇರಬೇಡಿ, ದೂರದಿಂದ ಗಮನವಿಟ್ಟಿರಿ. ನಡಿಗೆ ಮುಗಿದ ಮೇಲೆ ಒಬ್ಬರೇ ಸಿಕ್ಕಾಗ ವಿಚಾರಿಸಿ. ಇದು ಚಿಕಿತ್ಸೆ ಅಲ್ಲ. ಸಹಾಯ ಬೇಕಾದವರನ್ನು ಆಪ್ತಸಮಾಲೋಚಕರ ಹತ್ತಿರ ಕಳಿಸಿ.

ನಡೆಯಲು ಆಗದವರಿಗೆ

ಗಾಲಿಕುರ್ಚಿ ಬಳಸುವವರು ತರಗತಿಯಲ್ಲಿದ್ದರೆ ಚುಕ್ಕಿಯ ಅಂತರವನ್ನೇ 3 ಅಡಿ ಮಾಡಿ. ಆಗ ಇಡೀ ಕೋಟೆ 45 ಅಡಿ ಆಗುತ್ತದೆ. ಗಟ್ಟಿ ನೆಲ ಬೇಕು. ಹಗ್ಗ ಬೇಡ, ಪುಡಿಯೇ ಸರಿ. ಕಣ್ಣು ಕಾಣದವರಿಗೆ ಇದಕ್ಕೆ ಉಲ್ಟಾ, ದಪ್ಪ ಹಗ್ಗವೇ ದಾರಿ ತೋರುತ್ತದೆ.

ಇನ್ನೊಂದು ಉಪಾಯ ಬೆರಳ ಕೋಟೆ. ರಟ್ಟಿನ ಮೇಲೆ ಒಂದು ಸೆಂಟಿಮೀಟರ್ ಅಂತರದ ಚುಕ್ಕಿ ಇಟ್ಟು, ಗೆರೆಗಳ ಮೇಲೆ ಗೋಣಿದಾರ ಅಂಟಿಸಿ. ತೋರುಬೆರಳಿನಿಂದ ದಾರಿ ಸವರಬೇಕು. ಬರೆಯುವ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಸವರಿದರೆ ಬೆರಳು ತಾನಾಗಿ ನಿಧಾನವಾಗುತ್ತದೆ. ಮಳೆ ಬಂದ ದಿನ ಇಡೀ ತರಗತಿಗೆ ಇದೇ ಆಗಬಹುದು. ಪರೀಕ್ಷೆಗೆ ಮುಂಚೆ ಹಾಸ್ಟೆಲಿನ ಮಕ್ಕಳು ನನ್ನಿಂದ ಕೇಳಿ ತೆಗೆದುಕೊಂಡು ಹೋಗುವುದುಂಟು.

ಬರವಣಿಗೆ, ಆಮೇಲೆ ಮಾತು

ಹೊರಬಂದವರು ನೇರ ಹೋಗಿ ಕೂತು ಹತ್ತು ನಿಮಿಷ ಬರೆಯಲಿ. ಕನ್ನಡವೋ ಇಂಗ್ಲಿಷೋ, ಮನೆಮಾತಿನಲ್ಲೋ, ಅವರಿಷ್ಟ. ಏನೂ ಹೊಳೆಯಲಿಲ್ಲ ಅಂದರೆ "ಏನೂ ಹೊಳೆಯಲಿಲ್ಲ" ಅಂತಲೇ ಬರೆಯಲಿ. ಆ ಹಾಳೆ ಅವರದು. ಕೊಟ್ಟರೆ ಓದಿ, ಕೇಳಿ ತೆಗೆದುಕೊಳ್ಳಬೇಡಿ.

ಅಂಕ ಕೊಡಬೇಡಿ. ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿದರೆ ಹಾಜರಾತಿ ಜಾಸ್ತಿ ಆಗಬಹುದು ಅಂತ ಒಮ್ಮೆ ನನಗೂ ಅನಿಸಿತ್ತು. ಸೇರಿಸಲಿಲ್ಲ. ಅಂಕ ಬಂದ ಕೂಡಲೇ ಮಕ್ಕಳು ಮೇಷ್ಟ್ರಿಗೆ ಬೇಕಾದದ್ದನ್ನು ಬರೆಯುತ್ತಾರೆ.

"ಏನನಿಸಿತು?" ಅಂತ ಸಾಲಾಗಿ ಕೇಳುತ್ತಾ ಹೋಗುವುದೂ ಬೇಡ. ಮೊದಲನೆಯವರು "ಮನಸ್ಸು ಶಾಂತವಾಯಿತು" ಅಂದರೆ ಇಪ್ಪತ್ತೂ ಜನರ ಮನಸ್ಸು ಶಾಂತವಾಗುತ್ತದೆ! ಅದರ ಬದಲು ಇಬ್ಬಿಬ್ಬರನ್ನು ಕೂರಿಸಿ. ಹೇಳಬೇಕೆನಿಸಿದ್ದನ್ನು ಮಾತ್ರ ಹೇಳಿಕೊಳ್ಳಲಿ. ಪಾಠಕ್ಕೆ ಕೊಂಡಿ ಹಾಕುವುದು ಮರುದಿನ. ಕಿರುಪ್ರಬಂಧದವರು ತಮ್ಮ ಹಾಳೆಯಿಂದ ಒಂದು ಪ್ರಶ್ನೆ ಆರಿಸಿ ತರಲಿ, ಬಿ.ಎಡ್.ನವರು ಆ ಮಗುವಿಗಾಗಿ ಒಂದು ಚಟುವಟಿಕೆ ಯೋಚಿಸಿ ಬರಲಿ.

ಒಂದು ಸಲ ಮಾಡಿ ಬಿಟ್ಟರೆ ಅದು ಕಾರ್ಯಕ್ರಮ ಆಗುತ್ತದೆ, ಅಭ್ಯಾಸ ಆಗುವುದಿಲ್ಲ. ಒಂದು ಸೆಮಿಸ್ಟರಿಗೆ ಮೂರು ಸಲ ಇಟ್ಟುಕೊಳ್ಳಿ: ಶುರುವಿನಲ್ಲಿ, ನಡುವೆ, ಪರೀಕ್ಷೆಗೆ ಎರಡು ವಾರ ಮುಂಚೆ. ಮೂರನೇ ಸಲ ಗೆರೆ ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಡಿ. ಹೋದ ವರ್ಷ ಚುಕ್ಕಿ ಇಡಲು ಮುಂದೆ ಬಂದವಳು ತರಗತಿಯಲ್ಲಿ ಒಂದು ಮಾತೂ ಆಡದ ಹುಡುಗಿ. 2 ಅಡಿ ಕೋಲು ಬೇಡ ಅಂದಳು. ತನ್ನ ಹೆಜ್ಜೆಯಲ್ಲೇ ಅಳೆದು, ಬೆರಳಸಂದಿಯಿಂದ ಪುಡಿ ಬಿಡುತ್ತಾ, ಎಂಟೂ ಕಮಾನನ್ನು ಒಂದೇ ಉಸಿರಿನಲ್ಲಿ ಎಳೆದಳು.

ಮುಗಿದ ಮೇಲೆ ಪುಡಿಯನ್ನು ಗುಡಿಸಿಬಿಡಿ, ಸಂಜೆ ಕಬಡ್ಡಿಯವರು ಬರುತ್ತಾರೆ. ಹಗ್ಗ ಬಳಸಿದ್ದರೆ ಪ್ರತಿ ಕಮಾನಿನ ಎರಡೂ ತುದಿಗೆ ಬಣ್ಣದ ದಾರ ಕಟ್ಟಿ, ಅದಕ್ಕೊಂದು ನಂಬರು ಬರೆದು, ಒಳಗಿನದರಿಂದ ಶುರು ಮಾಡಿ ಬೇರೆಬೇರೆಯಾಗಿ ಸುತ್ತಿಡಿ. ಮುಂದಿನ ಸಲ ಅರ್ಧ ಗಂಟೆಯಲ್ಲಿ ಹಾಸಬಹುದು.